ಸೋಲಾರ್ ಇನ್ವರ್ಟರ್, ಲಿಥಿಯಂ ಬ್ಯಾಟರಿ, ಹೋಮ್ ಅಸಿಸ್ಟೆಂಟ್: ಕೊನೆಗೂ ಕೆಲಸ ಮಾಡಿದ್ದು ಕಂದು ಬಣ್ಣದ ಜೋಡಿ ವೈರ್

ಸೋಲಾರ್ ಇನ್ವರ್ಟರ್‌ನ ಅಂಕಿಗಳು ಹೋಮ್ ಅಸಿಸ್ಟೆಂಟ್‌ಗೆ (ಮನೆಯ ಉಪಕರಣಗಳನ್ನು ನೋಡಿ ನಡೆಸುವ ಸಾಫ್ಟ್‌ವೇರ್) ವೈರಿನಲ್ಲಿ ಸರಿಯಾಗಿ ಬರಲು ಶುರುವಾಗಿ ಹನ್ನೊಂದು ತಿಂಗಳಾಯಿತು. ಇನ್ವರ್ಟರ್‌ನಿಂದ ಬರುವ ಅಂಕಿ ನಿಂತದ್ದು ಎರಡೇ ಸಲ, ಎರಡೂ ಸಲ ತಪ್ಪು ನನ್ನದೇ. ಪ್ಯಾನೆಲ್ ಕೂರಿಸಿದವರು "ಆ್ಯಪ್ ಇದೆಯಲ್ಲ ಸಾರ್, ಈ ಉಸಾಬರಿ ಯಾಕೆ" ಎಂದಿದ್ದರು. ಹೋಮ್ ಅಸಿಸ್ಟೆಂಟ್ ಬಲ್ಲ ಗೆಳೆಯರಿಬ್ಬರು ಕ್ಲೌಡ್‌ನಿಂದಲೇ ಅಂಕಿ ಎಳೆದುಕೋ, ವೈರ್ ಎಳೆಯೋ ಕಾಲ ಮುಗೀತು ಎಂದರು. ಕ್ಲೌಡ್ ಅಂಕಿ ಐದು ನಿಮಿಷ ಹಳಸಲು. ಬೆಂಗಳೂರಿನ ಜುಲೈ ಮೋಡ ಅಷ್ಟರಲ್ಲಿ ಮೂರು ಸಲ ಬಂದು ಹೋಗಿರುತ್ತದೆ. ಅದನ್ನು ನಂಬಿ ಗೀಸರ್ ಹಾಕಿದರೆ ನೀರು ಕಾಯುವುದು ಬಿಸಿಲಿಂದಲ್ಲ, ಬ್ಯಾಟರಿಯಿಂದ.

ನನ್ನದು 30×40 ಸೈಟಿನ ಮನೆ. ಮೇಲೆ 545 ವ್ಯಾಟಿನ ಆರು ಪ್ಯಾನೆಲ್ ಒಂದೇ ಸ್ಟ್ರಿಂಗ್‌ನಲ್ಲಿ (ಸಾಲಾಗಿ ಒಂದಕ್ಕೊಂದು ಜೋಡಿಸಿ), ಕೆಳಗೆ 5 ಕಿಲೋವ್ಯಾಟ್ ಸಿಂಗಲ್ ಫೇಸ್ ಹೈಬ್ರಿಡ್ ಇನ್ವರ್ಟರ್, 16 ಸೆಲ್ಲಿನ 100 ಆಂಪಿಯರ್-ಅವರ್ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ, ಅಂದರೆ ಐದು ಯೂನಿಟ್ ಚಿಲ್ಲರೆ. ನೆಟ್ ಮೀಟರ್ ಇಲ್ಲ. ಎಲ್ಲ ಸರ್ಕ್ಯೂಟ್ ಬ್ಯಾಕಪ್ ಕಡೆಗೆ ತಂದು ಇನ್ವರ್ಟರನ್ನು ಗ್ರಿಡ್‌ಗೆ ಬಿಡದ ಮೋಡ್‌ನಲ್ಲಿ ಇಟ್ಟಿದ್ದೇನೆ. ನೆಟ್ ಮೀಟರ್ ಇರುವವರಿಗೆ ಮುಂದೆ ಬರುವ ಗೀಸರ್ ಕಥೆ ಅಷ್ಟಾಗಿ ಬೇಕಿಲ್ಲ. ಮಿಕ್ಕಿದ್ದನ್ನು ಬೆಸ್ಕಾಂಗೆ ಕೊಟ್ಟು ಲೆಕ್ಕ ಹಾಕಿಕೊಳ್ಳಿ.

ಇನ್ವರ್ಟರ್‌ನ ಆರ್‌ಎಸ್485 ಸಾಕೆಟ್‌ನಿಂದ (ಜೋಡಿ ವೈರಿನಲ್ಲಿ ಅಂಕಿ ಕಳಿಸುವ ಸಂಪರ್ಕ) ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಅಂಕಿ ಓದಿ ಹೋಮ್ ಅಸಿಸ್ಟೆಂಟ್‌ಗೆ ಕಳಿಸುತ್ತದೆ. ಎರಡರ ನಡುವೆ ಸಿಗ್ನಲ್ ಬದಲಿಸಿಕೊಡಲು ಒಂದು ಮಾಡ್ಯೂಲ್ ಬೇಕು. ಮೊದಲ ಪೆಟ್ಟು ಆ ಮ್ಯಾಕ್ಸ್485 ಮಾಡ್ಯೂಲ್‌ನದು. ಎಸ್‌ಪಿ ರೋಡಿನಲ್ಲಿ ಕೇಳಿದರೆ ಕೈಗೆ ಬರುವುದು ಅದೇ ನೀಲಿ ಬೋರ್ಡು, ಅರವತ್ತೋ ಎಪ್ಪತ್ತೋ ರೂಪಾಯಿ. ಅದು 5 ವೋಲ್ಟಿನ ಚಿಪ್. 3.3 ವೋಲ್ಟ್ ಕೊಟ್ಟರೆ ಒಮ್ಮೆ ಓದುತ್ತದೆ, ಹತ್ತು ಸಲ ಸಿಆರ್‌ಸಿ ತಪ್ಪು (ಅಂಕಿ ಕೆಟ್ಟು ಬಂದಿದೆ) ಎನ್ನುತ್ತದೆ. 5 ವೋಲ್ಟ್ ಕೊಟ್ಟರೆ ಅದರ ಆರ್‌ಒ (ಔಟ್‌ಪುಟ್) ಪಿನ್ ಇಎಸ್‌ಪಿ32ರ ಕಾಲಿಗೆ 5 ವೋಲ್ಟನ್ನೇ ನೂಕುತ್ತದೆ. ನನ್ನದು ನಾಲ್ಕು ದಿನ ತಡೆದುಕೊಂಡು ಆ ಪಿನ್ ಸತ್ತಿತು. ಮ್ಯಾಕ್ಸ್3485 ತಗೊಳ್ಳಿ, ನೂರು ರೂಪಾಯಿ ಆಸುಪಾಸು. ಇನ್ನೂ ಒಳ್ಳೆಯದು ಐಸೊಲೇಟೆಡ್ ಮಾಡ್ಯೂಲ್ (ಎರಡು ಕಡೆಯ ಕರೆಂಟ್ ಒಂದಕ್ಕೊಂದು ತಾಕದಂಥದ್ದು), ನಾನ್ನೂರರ ಹತ್ತಿರ. ಇದನ್ನು ನಾನು ಕೊಂಡದ್ದು ಏಪ್ರಿಲ್‌ನ ಒಂದು ಗುಡುಗು-ಸಿಡಿಲಿನ ಸಂಜೆ ಎರಡನೇ ಬೋರ್ಡ್ ಹೋದ ಮೇಲೆ. ಮೊದಲೇ ಕೊಂಡಿದ್ದರೆ ಒಂದು ಬೋರ್ಡಿನ ದುಡ್ಡು ಉಳಿಯುತ್ತಿತ್ತು.

ವೈರ್ ವಿಷಯ. ಕ್ಯಾಟ್6 ಕೇಬಲ್ಲನ್ನು ಸಾಮಾನ್ಯ ಬಿ ಬಣ್ಣದ ಕ್ರಮದಲ್ಲಿ (ಟಿ568ಬಿ) ಕ್ರಿಂಪ್ ಮಾಡಿದರೆ ನನ್ನ ಇನ್ವರ್ಟರ್‌ನ ಆರ್‌ಎಸ್485 ಸಾಕೆಟ್‌ನಲ್ಲಿ 7ನೇ ಕಾಲು, ಅಂದರೆ ಬಿಳಿ-ಕಂದು, ಎ ಎಂಬ ಸಿಗ್ನಲ್ ಎಳೆ. 8ನೇ ಕಾಲು, ಪೂರ್ತಿ ಕಂದು, ಬಿ ಎಂಬ ಎಳೆ. 3ನೇ ಕಾಲು, ಬಿಳಿ-ಹಸಿರು, ಗ್ರೌಂಡ್. ನಿಮ್ಮ ಮ್ಯಾನುಯಲ್ ಒಮ್ಮೆ ನೋಡಿಕೊಳ್ಳಿ, ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ಎ-ಬಿ ಅದಲುಬದಲಾದರೆ ಏನೂ ಸುಡುವುದಿಲ್ಲ, ಸುಮ್ಮನೆ ಉತ್ತರ ಬರುವುದಿಲ್ಲ, ತಿರುಗಿಸಿ ಹಾಕಿ. ಎರಡೇ ವೈರ್ ಸಾಕು ಎಂದು ಗ್ರೌಂಡ್ ಬಿಟ್ಟಿದ್ದೆ. ಉಳಿದ ಹೊತ್ತೆಲ್ಲ ಚೆನ್ನಾಗಿ ಓದುತ್ತಿತ್ತು, ಬ್ಯಾಟರಿ ಜೋರಾಗಿ ಚಾರ್ಜ್ ಆಗುವ ಹನ್ನೊಂದು-ಹನ್ನೆರಡರ ಹೊತ್ತಿಗೆ ಅಂಕಿ ಬಿಟ್ಟು ಬಿಟ್ಟು ಬರುತ್ತಿತ್ತು. ಎರಡು ವಾರ ಯಾಮಲ್ ಫೈಲ್ (ಬೋರ್ಡಿನ ಸೆಟ್ಟಿಂಗ್ ಬರೆಯುವ ಕಡತ) ತಿದ್ದಿದೆ. ತಪ್ಪು ಇದ್ದದ್ದು ಆ ಹಸಿರು ವೈರಿನಲ್ಲಿ. ಐಸೊಲೇಟೆಡ್ ಮಾಡ್ಯೂಲ್ ಹಾಕಿದರೂ ಅದರ ಬಸ್ ಕಡೆಯ ಗ್ರೌಂಡ್‌ಗೆ ಆ ಎಳೆ ಹೋಗಲೇಬೇಕು. ಕೇಬಲ್ ತುದಿಗೆ ಹಾಕುವ 120 ಓಮ್ ರೆಸಿಸ್ಟರ್ ಬಗ್ಗೆ ಜನ ಜಗಳ ಆಡುತ್ತಾರೆ. 9600 ಬಾಡ್, ಆರು ಮೀಟರ್ ಕೇಬಲ್‌ಗೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ರಿಜಿಸ್ಟರ್‌ಗಳು (ಇನ್ವರ್ಟರ್ ಒಂದೊಂದು ಅಂಕಿ ಇಡುವ ನಂಬರಿನ ಖಾನೆ) ಡೇಯೆ, ಸನ್‌ಸಿಂಕ್ ಕುಟುಂಬದ ಸಿಂಗಲ್ ಫೇಸ್ ಹೈಬ್ರಿಡ್ ಇರುವವರಿಗೆ ಗೊತ್ತೇ ಇವೆ: 184 ಚಾರ್ಜ್ ಶೇಕಡಾ, 183 ಬ್ಯಾಟರಿ ವೋಲ್ಟೇಜ್, 190 ಬ್ಯಾಟರಿ ಪವರ್, 186 ಪ್ಯಾನೆಲ್ ಪವರ್, 178 ಲೋಡ್, 169 ಗ್ರಿಡ್, 109 ಪ್ಯಾನೆಲ್ ವೋಲ್ಟೇಜ್. ಈ ಕೊನೆಯದನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ, ನನ್ನ ಇಡೀ ಆಟ ಅದರ ಮೇಲೇ ನಿಂತಿದೆ, ಹೇಳುತ್ತೇನೆ.

ಮೊದಲ ದಿನ ಮಧ್ಯಾಹ್ನ ಡ್ಯಾಶ್‌ಬೋರ್ಡ್‌ನಲ್ಲಿ ಬ್ಯಾಟರಿ 64,336 ವ್ಯಾಟ್ ಕಕ್ಕುತ್ತಿತ್ತು. ಬೀದಿಗೆಲ್ಲ ಕರೆಂಟ್ ಕೊಡಬಹುದಿತ್ತು. ನಿಜದಲ್ಲಿ ಅದು 1,200 ವ್ಯಾಟ್ ಚಾರ್ಜ್. ಮೈನಸ್ ಇರುವ ಅಂಕಿಯನ್ನು ಯು-ವರ್ಡ್ (ಮೈನಸ್ ಅರಿಯದ ಬಗೆ) ಎಂದು ಓದಿಸಿದ್ದೆ, 65,536ರಲ್ಲಿ 1,200 ಕಳೆದು ಹೇಳುತ್ತಿತ್ತು. 169, 190, ಬ್ಯಾಟರಿ ಕರೆಂಟಿನ 191 ಮೂರನ್ನೂ ಎಸ್-ವರ್ಡ್ (ಮೈನಸ್ ಅರಿಯುವ ಬಗೆ) ಮಾಡಿ. 190ರಲ್ಲಿ ಪ್ಲಸ್ ಎಂದರೆ ಖರ್ಚು, ಮೈನಸ್ ಎಂದರೆ ಚಾರ್ಜ್. ಆ ಸುಳ್ಳು ಅಂಕಿ ಎನರ್ಜಿ ಡ್ಯಾಶ್‌ಬೋರ್ಡ್ ಸೇರಿದರೆ ಆ ತಿಂಗಳ ಗ್ರಾಫ್ ಪೂರ್ತಿ ಒಂದೇ ಕಂಬ, ಉಳಿದದ್ದೆಲ್ಲ ಇರುವೆ ಸಾಲು. ಡೆವಲಪರ್ ಟೂಲ್ಸ್‌ನ ಸ್ಟ್ಯಾಟಿಸ್ಟಿಕ್ಸ್‌ಗೆ ಹೋಗಿ ಆ ಗಂಟೆಯನ್ನು ಕೈಯಾರೆ ತಿದ್ದಬೇಕು.

ಯೂನಿಟ್ ಲೆಕ್ಕಕ್ಕೆ ವ್ಯಾಟನ್ನು ಕೂಡಿಸುತ್ತಾ ಹೋಗುವ ಇಂಟಿಗ್ರೇಶನ್ ಸೆನ್ಸರ್ ಬೇಡ. ಒಂದು ಸಲ ಲಿಂಕ್ ತಪ್ಪಿದರೆ ಹಳೆಯ ವ್ಯಾಟನ್ನೇ ಹಿಡಿದು ಎಳೆಯುತ್ತದೆ. ಇನ್ವರ್ಟರ್ ತಾನೇ ಎಣಿಸುವ ದಿನದ ಲೆಕ್ಕ ತಗೊಳ್ಳಿ: 108 ಸೋಲಾರ್, 70 ಮತ್ತು 71 ಬ್ಯಾಟರಿ, 76 ಗ್ರಿಡ್. 0.1ರಿಂದ ಗುಣಿಸಿ, ಸೆನ್ಸರಿನ ಬಗೆ ಟೋಟಲ್ ಇನ್‌ಕ್ರೀಸಿಂಗ್ ಎಂದು ಹಾಕಿದರೆ ಮಧ್ಯರಾತ್ರಿ ಸೊನ್ನೆಯಾದದ್ದನ್ನು ಅದು ತಾನೇ ಅರ್ಥ ಮಾಡಿಕೊಳ್ಳುತ್ತದೆ. ಇವನ್ನು ನಿಮಿಷಕ್ಕೊಮ್ಮೆ ಓದಿದರೆ ಸಾಕು, ಸ್ಕಿಪ್ ಅಪ್‌ಡೇಟ್ಸ್ ಬಳಸಿ. ವ್ಯಾಟ್‌ಗಳು ಹತ್ತು ಸೆಕೆಂಡಿಗೊಮ್ಮೆ, ಕಮಾಂಡ್ ಥ್ರಾಟಲ್ (ಎರಡು ಪ್ರಶ್ನೆಗಳ ನಡುವಿನ ಬಿಡುವು) 200 ಮಿಲಿಸೆಕೆಂಡ್. ನಾನು ಮೊದಲು ಸೆಕೆಂಡಿಗೊಮ್ಮೆ ಓದುತ್ತಿದ್ದೆ. ಇನ್ವರ್ಟರ್ ಉತ್ತರ ಕೊಡುವುದನ್ನೇ ಬಿಟ್ಟಿತು, ಹೋಮ್ ಅಸಿಸ್ಟೆಂಟ್ ಓಡುತ್ತಿದ್ದ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಎಸ್‌ಡಿ ಕಾರ್ಡ್ ಐದಾರು ತಿಂಗಳಲ್ಲಿ ಕೈಕೊಟ್ಟಿತು. ಈಗ ಸೆಕೆಂಡ್‌ಹ್ಯಾಂಡ್ ಥಿನ್ ಕ್ಲೈಂಟ್ (ಆಫೀಸಿನ ಸಣ್ಣ ಕಂಪ್ಯೂಟರ್), 120 ಜಿಬಿ ಎಸ್‌ಎಸ್‌ಡಿ, ಎಲ್ಲ ಸೇರಿ ನಾಲ್ಕೂವರೆ ಸಾವಿರ.

ವೈಫೈ. ಇನ್ವರ್ಟರ್ ಇರುವುದು ಮೆಟ್ಟಿಲ ಕೆಳಗೆ, ಸುತ್ತ ಕಾಂಕ್ರೀಟ್, ಸಿಗ್ನಲ್ ಮೈನಸ್ 82 ಡಿಬಿಎಂ, ಅಂದರೆ ತೀರಾ ದುರ್ಬಲ. ದಿನಕ್ಕೆ ಆರೇಳು ಸಲ ಕಡಿತ. ಡಬ್ಲ್ಯುಟಿ32-ಇಟಿಎಚ್01 ಎಂಬ ಎತರ್‌ನೆಟ್ ಇರುವ ಬೋರ್ಡಿಗೆ ಹೋದೆ, ಸಾವಿರ ಚಿಲ್ಲರೆ. ಹಳೆಯ ಯಾಮಲ್ ಹಾಗೇ ಹಾಕಿದರೆ ಎತರ್‌ನೆಟ್ ದೀಪವೇ ಹತ್ತಲಿಲ್ಲ. ಹಳೆಯದರಲ್ಲಿ ಆರ್‌ಎಕ್ಸ್ (ಅಂಕಿ ಪಡೆಯುವ ಕಾಲು) 16ನೇ ಪಿನ್‌ನಲ್ಲಿತ್ತು. ಈ ಬೋರ್ಡಿನಲ್ಲಿ 16 ಎತರ್‌ನೆಟ್ ಗಡಿಯಾರವನ್ನು ಎಬ್ಬಿಸುವ ಪಿನ್. 5 ಮತ್ತು 17 ಬಳಸಿ. ರೌಟರ್, ಫೈಬರ್ ಡಬ್ಬಿ, ಹೋಮ್ ಅಸಿಸ್ಟೆಂಟ್ ಮೂರೂ ಬ್ಯಾಕಪ್ ಕಡೆ ಇರಲಿ. ಇದನ್ನು ಹೇಳಬೇಕಾಗಿಲ್ಲ ಅಂದುಕೊಂಡಿದ್ದೆ, ಆದರೆ ನೋಡಿದ ಎರಡು ಮನೆಯಲ್ಲಿ ಕರೆಂಟ್ ಹೋದಾಗ ರೌಟರೇ ಮೊದಲು ಮಲಗುತ್ತಿತ್ತು.

ಬ್ಯಾಟರಿ ಕಡೆ. ಇನ್ವರ್ಟರ್ ಮೊದಲು ವೋಲ್ಟೇಜ್ ನೋಡಿ ಶೇಕಡಾ ಊಹಿಸುತ್ತಿತ್ತು. ಎಲ್‌ಎಫ್‌ಪಿಯಲ್ಲಿ ಇದು ಕುರುಡನ ಲೆಕ್ಕ. ಸೆಲ್ ಶೇಕಡಾ 30ರಲ್ಲೂ 80ರಲ್ಲೂ 3.3 ವೋಲ್ಟಿನ ಆಸುಪಾಸಿನಲ್ಲೇ ಇರುತ್ತದೆ. ಸಂಪಿನ ಮೋಟರ್ ಶುರುವಾದರೆ 60 ಇದ್ದದ್ದು 18ಕ್ಕೆ ಬೀಳುತ್ತಿತ್ತು, ಆಟೊಮೇಶನ್ ಗಾಬರಿಬಿದ್ದು ಎಲ್ಲ ಆಫ್ ಮಾಡುತ್ತಿತ್ತು. ಬಿಎಂಎಸ್‌ನಿಂದ (ಬ್ಯಾಟರಿಯ ಸೆಲ್‌ಗಳನ್ನು ಕಾಯುವ ಸರ್ಕ್ಯೂಟ್) ಇನ್ವರ್ಟರ್‌ಗೆ ಕ್ಯಾನ್ ಕೇಬಲ್ (ಎರಡೂ ಮಾತಾಡಿಕೊಳ್ಳುವ ಡೇಟಾ ವೈರ್) ಹಾಕಿ, 500 ಕೆಬಿಪಿಎಸ್, ಪೈಲಾನ್ ಬ್ಯಾಟರಿಗಳ ಪ್ರೋಟೊಕಾಲ್. ಆಗ ಶೇಕಡಾ ಬರುವುದು ಆಂಪಿಯರ್ ಎಣಿಕೆಯಿಂದ. ಅದೂ ಜಾರುತ್ತದೆ, ವಾರಕ್ಕೊಮ್ಮೆ ಪೂರ್ತಿ ತುಂಬಿಸಿ ಸರಿಮಾಡಬೇಕು.

ಸೆಲ್ ಸೆಲ್ಲಿನ ವೋಲ್ಟೇಜ್ ಬೇಕೆಂದರೆ ನನ್ನ ಜೆಕೆ ಕಂಪನಿಯ ಬಿಎಂಎಸ್‌ಗೆ ಇನ್ನೊಂದು ಇಎಸ್‌ಪಿ32. ಬ್ಲೂಟೂತ್‌ನಲ್ಲಿ ಓದಬಹುದು, ಆದರೆ ಒಂದು ಸಲಕ್ಕೆ ಒಬ್ಬರಿಗೇ ಜಾಗ. ಫೋನಿನ ಆ್ಯಪ್ ತೆರೆದರೆ ಬೋರ್ಡ್ ಹೊರಗೆ. ಅದಕ್ಕೆ ನಾಲ್ಕು ಪಿನ್ನಿನ ಜಿಪಿಎಸ್ ಸಾಕೆಟ್‌ನಿಂದ 115200ರಲ್ಲಿ ಓದುತ್ತೇನೆ. ಇಲ್ಲಿ ಎಚ್ಚರ. ಮೂರು ಪಿನ್ ಗ್ರೌಂಡ್, ಆರ್‌ಎಕ್ಸ್, ಟಿಎಕ್ಸ್. ನಾಲ್ಕನೆಯದು 3.3 ಅಲ್ಲ, 5 ಅಲ್ಲ, ಇಡೀ ಬ್ಯಾಟರಿಯ ವೋಲ್ಟೇಜ್. 54 ವೋಲ್ಟ್ ಹೋದಾಗ ಇಎಸ್‌ಪಿ32 ಹೊಗೆಯಾಡುವುದಿಲ್ಲ, ಚಿಟ್ ಎನ್ನುತ್ತದೆ ಅಷ್ಟೆ. ರೆಗ್ಯುಲೇಟರ್ ಮೇಲೆ ಸಾಸಿವೆಯಷ್ಟು ತೂತು. ಈಗ ಕನೆಕ್ಟರ್ ಹಾಕುವ ಮುಂಚೆಯೇ ಆ ವೈರನ್ನು ಕಿತ್ತು ಹೀಟ್‌ಶ್ರಿಂಕ್ ಹಾಕುತ್ತೇನೆ.

ಆ ಅಂಕಿಯಿಂದ ಒಂದು ಲಾಭವಾಯಿತು. ಮೇಲ್ತುದಿಯಲ್ಲಿ 11ನೇ ಸೆಲ್ 3.6 ಮುಟ್ಟಿದಾಗ ಉಳಿದವು 3.42ರಲ್ಲಿದ್ದವು, ಬಿಎಂಎಸ್ ಚಾರ್ಜ್ ಕಡಿಯುತ್ತಿತ್ತು. ಚಾರ್ಜ್ ವೋಲ್ಟೇಜನ್ನು 57.6ರಿಂದ 55.2ಕ್ಕೆ ಇಳಿಸಿ, ಬ್ಯಾಲೆನ್ಸ್ (ಸೆಲ್‌ಗಳನ್ನು ಸರಿಸಮ ಮಾಡುವುದು) 3.42ರಿಂದ ಶುರುಮಾಡಿಸಿದೆ. ಮೂರು ವಾರದಲ್ಲಿ ವ್ಯತ್ಯಾಸ 15 ಮಿಲಿವೋಲ್ಟ್‌ಗೆ ಬಂತು.

ಈಗ ಆ 109. ಗ್ರಿಡ್‌ಗೆ ಬಿಡದವರ ಕಷ್ಟ ಏನೆಂದರೆ ಬ್ಯಾಟರಿ ತುಂಬಿದ ಮೇಲೆ ಮಿಕ್ಕ ಬಿಸಿಲು ಯಾವ ಅಂಕಿಯಲ್ಲೂ ಕಾಣುವುದಿಲ್ಲ. ಮನೆ 300 ವ್ಯಾಟ್ ತಿಂದರೆ ಪ್ಯಾನೆಲ್ ಪವರ್ ಕೂಡ 300 ಎಂದೇ ತೋರಿಸುತ್ತದೆ; ಮೋಡವೋ, ತಡೆದಿದೆಯೋ ತಿಳಿಯದು. ಆದರೆ ಇನ್ವರ್ಟರ್ ತಡೆದಾಗ ಸ್ಟ್ರಿಂಗ್ ವೋಲ್ಟೇಜ್ ಮೇಲಕ್ಕೆ ಜಿಗಿಯುತ್ತದೆ. ಬಿಸಿ ತಾರಸಿಯ ಮೇಲೆ ನನ್ನ ಆರು ಪ್ಯಾನೆಲ್ ದುಡಿಯುವಾಗ 230ರ ಹತ್ತಿರ, ಸುಮ್ಮನೆ ಕೂತಾಗ 265ರ ಮೇಲೆ. ಮೋಡವಾದರೆ ಪವರ್ ಬಿದ್ದರೂ ವೋಲ್ಟೇಜ್ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಇದೇ ಗುರುತು. ಎಷ್ಟು ಡಿಗ್ರಿಗೆ ಎಷ್ಟು ವೋಲ್ಟ್ ಕಳೆಯುತ್ತೇನೆ, ಬೆಳಗಿನ ತಂಪಿನಲ್ಲಿ ಮೋಸ ಹೋಗದಂತೆ ಏನು ಸೇರಿಸಿದ್ದೇನೆ ಎಂಬುದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಪ್ಯಾನೆಲ್ ಹಿಂದಿರುವ ಲೇಬಲ್ ಓದಿದರೆ ನಿಮಗೂ ಸಿಗುತ್ತದೆ.

ವೋಲ್ಟೇಜ್ ಜಿಗಿದು, ಬಿಎಂಎಸ್ ಕರೆಂಟ್ 3 ಆಂಪಿಯರ್‌ಗಿಂತ ಕೆಳಗಿದ್ದು, ಎರಡು ನಿಮಿಷ ಹಾಗೇ ಇದ್ದರೆ 2 ಕಿಲೋವ್ಯಾಟ್ ಗೀಸರ್ ಆನ್. ಮೂವತ್ತು ಸೆಕೆಂಡ್ ಬಿಟ್ಟು ನೋಡಿ ಬ್ಯಾಟರಿ 300 ವ್ಯಾಟ್‌ಗಿಂತ ಹೆಚ್ಚು ಕೊಡುತ್ತಿದ್ದರೆ ಆಫ್, ಹದಿನೈದು ನಿಮಿಷ ವಿರಾಮ. ಸಂಪಿನ ಮೋಟರ್‌ಗೂ ಇದೇ, ಆದರೆ ಕಾವೇರಿ ನೀರು ಬಂದ ದಿನ ಮಾತ್ರ ಸರದಿ ಮುಂದೆ.

ಮೋಟರ್‌ಗೆ ನೀಲಿ ರಿಲೇ ಬೋರ್ಡು ಹಾಕಬೇಡಿ. ಮೇಲೆ 10 ಆಂಪಿಯರ್ ಎಂದು ಬರೆದಿರುತ್ತದೆ, 1 ಎಚ್‌ಪಿ ಮೋಟರ್ ಎದ್ದೇಳುವಾಗ ಅದರ ಎರಡು ಪಟ್ಟಿಗೂ ಮೇಲೆ ಎಳೆಯುತ್ತದೆ. ಕಾಂಟ್ಯಾಕ್ಟ್ ಅಂಟಿಕೊಂಡು ಓವರ್‌ಹೆಡ್ ಟ್ಯಾಂಕ್ ಅರ್ಧ ಗಂಟೆ ಹರಿಯಿತು, ಕಾವೇರಿ ನೀರು. ಈಗ 25 ಆಂಪಿಯರ್ ಕಾಂಟ್ಯಾಕ್ಟರ್ (ಮೋಟರ್‌ಗೆ ತಕ್ಕ ದೊಡ್ಡ ರಿಲೇ), ಕಾಯಿಲ್ ಜೊತೆ ಸೀರೀಸ್‌ನಲ್ಲಿ ಹಳೆಯ ಕಾಲದ ಫ್ಲೋಟ್ ಸ್ವಿಚ್; ಸಾಫ್ಟ್‌ವೇರ್ ನಿದ್ದೆ ಹೋದರೂ ಫ್ಲೋಟ್ ಏಳುತ್ತದೆ. ಕಾಂಟ್ಯಾಕ್ಟರ್ ಬಿಡುವಾಗ ಇಎಸ್‌ಪಿ32 ರೀಸ್ಟಾರ್ಟ್ ಆಗುತ್ತಿತ್ತು. 100 ಓಮ್ ರೆಸಿಸ್ಟರ್, 0.1 ಮೈಕ್ರೊಫ್ಯಾರಡ್ ಎಕ್ಸ್2 ಕೆಪ್ಯಾಸಿಟರ್ ಎರಡನ್ನೂ ಒಂದಕ್ಕೊಂದು ಸೀರೀಸ್‌ನಲ್ಲಿ ಸೇರಿಸಿ ಕಾಯಿಲ್‌ಗೆ ಅಡ್ಡವಾಗಿ ಹಾಕಿದೆ, ನಿಂತಿತು. ಮೂವತ್ತು ರೂಪಾಯಿ.

ಇನ್ವರ್ಟರ್‌ಗೆ ಬರೆಯುವುದರ ಬಗ್ಗೆ ಒಂದೇ ಮಾತು: ಚಾರ್ಜ್ ಕರೆಂಟನ್ನು ನಿಮಿಷಕ್ಕೊಮ್ಮೆ ಬದಲಿಸುವ ಆಟೊಮೇಶನ್ ಬೇಡ, ಸೆಟ್ಟಿಂಗ್ ಉಳಿಯುವ ಮೆಮೊರಿಗೆ ಬರೆದು ಅಳಿಸುವ ಮಿತಿ ಇದೆ. ನಾನು ದಿನಕ್ಕೆ ಎರಡು ಸಲ ಬರೆಯುತ್ತೇನೆ. ಆ ಎರಡು ಹೊತ್ತು ಯಾವುದು ಎಂಬುದು ಮಾರನೆಯ ದಿನದ ಮೋಡ ನೋಡಿ ತೀರ್ಮಾನ, ಅದರ ಸೂತ್ರವೂ ಸದ್ಯಕ್ಕೆ ಮನೆಯಲ್ಲೇ.

ದುಡ್ಡು. ಕೆಲಸಕ್ಕೆ ಬಂದ ಸಾಮಾನು, ಥಿನ್ ಕ್ಲೈಂಟ್ ಸೇರಿ ಎಂಟು ಸಾವಿರದ ಆಚೀಚೆ. ಸುಟ್ಟದ್ದು, ತಪ್ಪು ಕೊಂಡದ್ದು ಎರಡು ಸಾವಿರ. "ಸ್ಮಾರ್ಟ್" ಡಬ್ಬಿಗೆ ನನಗೆ ಹೇಳಿದ್ದ ಬೆಲೆ 18 ಸಾವಿರ, ಅದು ಗೀಸರ್ ಮುಟ್ಟುತ್ತಿರಲಿಲ್ಲ. ವ್ಯರ್ಥವಾಗುತ್ತಿದ್ದ ಬಿಸಿಲಿಂದ ದಿನಕ್ಕೆ ಎರಡೂವರೆ ಯೂನಿಟ್ ಸಿಗುತ್ತಿದೆ. ಯೂನಿಟ್‌ಗೆ ಆರು ರೂಪಾಯಿ ಹಿಡಿದರೆ ತಿಂಗಳಿಗೆ ನಾನ್ನೂರರ ಮೇಲೆ. ಮಳೆಗಾಲದಲ್ಲಿ ಅರ್ಧ. ಗೃಹಜ್ಯೋತಿಯಲ್ಲಿ ಬಿಲ್ಲೇ ಬಾರದ ಮನೆಯವರು ದುಡ್ಡಿಗಾಗಿ ಇದಕ್ಕೆ ಕೈಹಾಕಬೇಡಿ.

ಪಕ್ಕದ ಪ್ರಯೋಗ ಒಂದು ನಡೆಯುತ್ತಿದೆ. ಬೆಸ್ಕಾಂ ಮೀಟರ್‌ನ ಕೆಂಪು ದೀಪ ಯೂನಿಟ್‌ಗೆ 3,200 ಸಲ ಮಿಟುಕುತ್ತದೆ. ಸೀಲ್ ಮುಟ್ಟದೆ, ಗಾಜಿನ ಹೊರಗೆ ಫೋಟೊಡಯೋಡ್ ಒಂದನ್ನು ಕಪ್ಪು ಟೇಪಿನಲ್ಲಿ ಅಂಟಿಸಿ ಪಲ್ಸ್ ಕೌಂಟರ್‌ಗೆ ಕೊಟ್ಟೆ. ಇನ್ವರ್ಟರ್ ಗ್ರಿಡ್ ಸೊನ್ನೆ ಎನ್ನುವಾಗಲೂ ದೀಪ ಮಿಟುಕುತ್ತಿತ್ತು. 20-30 ವ್ಯಾಟ್ ಆಚೆ ಸೋರುತ್ತಿತ್ತು, ಈ ಹಳೆಯ ಬಗೆಯ ಮೀಟರ್ ಹೋದದ್ದನ್ನೂ ಬಂದದ್ದೆಂದೇ ಎಣಿಸುತ್ತದೆ. ಝೀರೊ ಎಕ್ಸ್‌ಪೋರ್ಟ್ ಪವರ್ ಸೆಟ್ಟಿಂಗನ್ನು (ಆಚೆ ಸೋರದಂತೆ ಗ್ರಿಡ್‌ನಿಂದ ಎಷ್ಟು ವ್ಯಾಟ್ ಎಳೆಯುತ್ತಿರಬೇಕು ಎಂಬುದು) ಬದಲಿಸುತ್ತಾ ದೀಪ ಎಲ್ಲಿ ಅತಿ ನಿಧಾನ ಎಂದು ಹುಡುಕುತ್ತಿದ್ದೇನೆ. ಸದ್ಯಕ್ಕೆ 30ಕ್ಕೆ ಇಟ್ಟಿದ್ದೇನೆ. ಮಧ್ಯಾಹ್ನದ ಬಿಸಿಲು ಮೀಟರ್ ಡಬ್ಬಿಯೊಳಗೆ ನೇರ ಬಿದ್ದಾಗ ಮಾತ್ರ ಸಾವಿರಾರು ಸುಳ್ಳು ಪಲ್ಸ್, ಟೇಪನ್ನು ಇನ್ನೊಂದು ಸುತ್ತು ಹಾಕಬೇಕು.