ಟ್ರಂಕು ತೆಗೆಸುವ ಕೆಲಸ

ಮಾಜಿ ಸೈನಿಕರ ಸಂಘದ ತಾಲೂಕು ಸಮಿತಿಗೆ ಸೇರಿದಾಗ ನನಗೆ ಕೊಟ್ಟ ಮೊದಲ ಕೆಲಸ ಶಾಲುಗಳ ಲೆಕ್ಕ. ಜನವರಿ 26ಕ್ಕೆ ಎಷ್ಟು, ಕಾರ್ಗಿಲ್ ವಿಜಯ ದಿವಸಕ್ಕೆ ಎಷ್ಟು, ಆಗಸ್ಟ್ 15ಕ್ಕೆ ಎಷ್ಟು. ಹಾರ ಬೇರೆ, ಫ್ಲೆಕ್ಸ್ ಬೇರೆ. ಫ್ಲೆಕ್ಸಿನಲ್ಲಿ ಯಾರ ಫೋಟೋ ದೊಡ್ಡದಾಗಬೇಕು ಅನ್ನೋ ಜಗಳ ಇನ್ನೂ ಬೇರೆ. ನಾನು ಸೈನ್ಯದಲ್ಲಿ 24 ವರ್ಷ ಕ್ಲರ್ಕ್ ಆಗಿದ್ದವನು, ಲೆಕ್ಕ ಅಂದರೆ ಬೇಸರವೇನೂ ಇಲ್ಲ. ಆದರೆ ಶಾಲು ಎಣಿಸುವುದಕ್ಕೆ 11 ಜನರ ಸಮಿತಿ ಬೇಕಾ ಅಂತ ಮನೆಗೆ ಬಂದು ಹೆಂಡತಿಯ ಹತ್ತಿರ ಗೊಣಗುತ್ತಿದ್ದೆ. ಅವಳು, ‘ನಿಮಗ ಬ್ಯಾರೆ ಏನ್ ಮಾಡಾಕ ಬರ್ತೈತಿ?’ ಅನ್ನುತ್ತಿದ್ದಳು.

ಬೆಳಗಾವಿ ಜಿಲ್ಲೆಯ ನಮ್ಮ ಕಡೆ ಫೌಜಿಗೆ ಹೋಗುವುದು ಹೊಸದಲ್ಲ. ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಜಿಮೆಂಟಲ್ ಸೆಂಟರ್ ಬೆಳಗಾವಿಯಲ್ಲೇ ಇದೆ. ಒಂದೊಂದು ಊರಲ್ಲೂ ನಾಲ್ಕೈದು ‘ಮಿಲ್ಟ್ರಿ ಮನಿ’ ಇರುತ್ತವೆ. ಆ ಮನೆಯ ಒಳಕೋಣೆಯಲ್ಲಿ, ಜೋಳದ ಚೀಲದ ಹಿಂದೆ, ಒಂದು ಕಪ್ಪು ಟ್ರಂಕು ಇರುತ್ತದೆ. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನಂಬರು, ರ‍್ಯಾಂಕು, ಹೆಸರು. ಬಣ್ಣ ಉದುರಿದ್ದರೂ ನಂಬರು ಓದಬಹುದು. ನಮ್ಮವರು ಮಕ್ಕಳ ಹುಟ್ಟಿದ ದಿನ ಮರೆಯಬಹುದು, ಆರ್ಮಿ ನಂಬರು ಮರೆಯುವುದಿಲ್ಲ.

ಒಂದು ದಿನ ಪಕ್ಕದ ಹಳ್ಳಿಯಿಂದ ಒಬ್ಬ ಹುಡುಗ ಫೋನ್ ಮಾಡಿದ. ಅಜ್ಜ ತೀರಿಕೊಂಡು ನಾಲ್ಕು ತಿಂಗಳಾಗಿದೆ, ಅಜ್ಜನ ಪೆನ್ಶನ್ ನಿಂತಿದೆ, ಅಮ್ಮನ ಪೆನ್ಶನ್ ಬರುತ್ತಿಲ್ಲ. ಅಮ್ಮ ಅಂದರೆ ಅವನ ಅಜ್ಜಿ. ಹೋದೆ. ಅಜ್ಜ ಆರ್ಟಿಲರಿಯ ಹವಾಲ್ದಾರ್. ಟ್ರಂಕು ಹೊರಗೆ ತಂದು ತೆಗೆದರು. ನುಸಿ ಗುಳಿಗೆ ವಾಸನೆ. ಹಸಿರು ಜರ್ಸಿ, ಒಂದು ಮೆಸ್ ಟಿನ್, ರಿಬ್ಬನ್ ಬಣ್ಣ ಹೋದ ಮೆಡಲ್ಲು, ತಳದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಡಿಸ್ಚಾರ್ಜ್ ಬುಕ್, ಅಂದರೆ ಬಿಡುಗಡೆಯಾಗುವಾಗ ಕೊಡುವ ಸೇವಾ ದಾಖಲೆಯ ಪುಸ್ತಕ.

ಅದರಲ್ಲಿ ಹೆಂಡತಿಯ ಹೆಸರು ಬೇರೆ ಇತ್ತು. ನಿಜವಾದ ಹೆಸರು ಬೇಡ, ದಾಖಲೆಯಲ್ಲಿ ಶಿವಲೀಲಾ, ಆಧಾರ್‌ನಲ್ಲಿ ಗಂಗವ್ವ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಗಂಗಾಬಾಯಿ ಅಂದುಕೊಳ್ಳಿ. ನಾನು ಹೆದರಿದೆ. ಎರಡನೇ ಸಂಬಂಧ ಇತ್ತಾ? ಕೇಳುವುದು ಹೇಗೆ? ಮನೆ ತುಂಬ ಜನ. ನೀರು ಬೇಕು ಅಂತ ಅಡುಗೆ ಮನೆ ಬಾಗಿಲಿಗೆ ಹೋಗಿ ಮೆಲ್ಲಗೆ ಕೇಳಿದೆ, ‘ಅವ್ವಾ, ಶಿವಲೀಲಾ ಅಂದ್ರ ಯಾರ?’

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ನಾನ ರೀ. ತವರಮನಿ ಹೆಸರು. ಲಗ್ನದಾಗ ಅಕ್ಕಿಯೊಳಗ ಬರದು ಬದಲಿ ಮಾಡಿದ್ರು. ಇವರಿಗೆ ಹಳೇ ಹೆಸರ ಸೇರ್ತಿತ್ತು, ಇಬ್ಬರ ಇದ್ದಾಗ ಹಂಗ ಕರೀತಿದ್ರು.’

ಮದುವೆಯಾಗಿ ರಜೆ ಮುಗಿಸಿ ಹೋದವರು ಯೂನಿಟ್ಟಿನ ಕ್ಲರ್ಕ್ ಮುಂದೆ ಆ ಹೆಸರನ್ನೇ ಹೇಳಿದ್ದಾರೆ. ಕ್ಲರ್ಕ್ ಪಾರ್ಟ್ ಟು ಆರ್ಡರ್ ಹೊರಡಿಸಿದ್ದಾನೆ. ಮದುವೆ, ಮಕ್ಕಳು, ವಿಳಾಸ ಎಲ್ಲವೂ ಸೈನಿಕನ ದಾಖಲೆಗೆ ಸೇರುವುದು ಈ ಆರ್ಡರಿನಿಂದ. ನಾನೂ ಸಾವಿರಾರು ಬರೆದಿದ್ದೇನೆ. ಎದುರಿಗೆ ನಿಂತ ಜವಾನ ಹೇಳಿದ್ದನ್ನು ಬರೆದುಕೊಂಡು ‘ನೆಕ್ಸ್ಟ್’ ಅಂದಿದ್ದೇನೆ. ಅವನು ಹೇಳಿದ್ದು ಹೆಂಡತಿಯ ಯಾವ ಹೆಸರು ಅಂತ ಒಂದು ದಿನವೂ ಕೇಳಿದವನಲ್ಲ.

ಆ ಅಜ್ಜಿಯ ಕಾಗದ ಸರಿಯಾಗಲು 11 ತಿಂಗಳು ಬೇಕಾಯಿತು. ಎರಡೂ ಹೆಸರು ಒಬ್ಬರದೇ ಎಂದು ಅಫಿಡವಿಟ್, ಪಂಚಾಯಿತಿಯ ಪತ್ರ, ಮರಣ ಪ್ರಮಾಣಪತ್ರ, ಆಧಾರ್, ಪ್ಯಾನ್, ಪಾಸ್‌ಬುಕ್, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಸಹಿ. ಎಲ್ಲ ಸೇರಿಸಿ ನಾಸಿಕ್ ರೋಡ್ ಕ್ಯಾಂಪಿನ ಆರ್ಟಿಲರಿ ರೆಕಾರ್ಡ್ಸ್‌ಗೆ ಕಳಿಸಿದೆವು. ಎರಡು ಸಲ ವಾಪಸ್ ಬಂತು. ಒಂದು ಸಲ ಕಾರಣ, ಆಧಾರ್‌ನಲ್ಲಿ ಹುಟ್ಟಿದ ವರ್ಷ ಮಾತ್ರ ಇತ್ತು, ತಾರೀಖು ಇರಲಿಲ್ಲ. ಅಷ್ಟು ದಿನ ಅಜ್ಜಿ ಕಿರಾಣಿ ಅಂಗಡಿಯಲ್ಲಿ ಉದ್ರಿ ಬರೆಸಿ ಬದುಕಿದರು. ಕೊನೆಗೆ ಬಾಕಿ ಎಲ್ಲ ಒಟ್ಟಿಗೆ ಬಂತು, ನಿಜ. ಆದರೆ ಅಜ್ಜ ಬದುಕಿದ್ದಾಗ ಅವರೇ ಒಂದು ಅರ್ಜಿಗೆ ಸಹಿ ಹಾಕಿ, ಹೆಂಡತಿಯ ಜೊತೆ ಒಂದು ಜಾಯಿಂಟ್ ಫೋಟೋ ಕೊಟ್ಟಿದ್ದರೆ ಈ ಕೆಲಸದ ಮುಕ್ಕಾಲು ಭಾಗ ಇರುತ್ತಲೇ ಇರಲಿಲ್ಲ. ಆ ಅಜ್ಜನಿಗೆ ನಾವು ಎರಡು ಸಲ ಶಾಲು ಹೊದಿಸಿದ್ದೆವು. ಟ್ರಂಕು ಒಂದು ಸಲವೂ ನೋಡಿರಲಿಲ್ಲ.

ಮುಂದಿನ ಮೀಟಿಂಗಿನಲ್ಲಿ ನಾನು ಹೇಳಿದ್ದು ಇಷ್ಟೇ: ಶಾಲಿನ ದುಡ್ಡು ಜೆರಾಕ್ಸಿಗೂ ಪೆಟ್ರೋಲಿಗೂ ಹಾಕೋಣ, ಮನೆಮನೆಗೆ ಹೋಗಿ ಟ್ರಂಕು ತೆಗೆಸೋಣ. ಗಲಾಟೆಯಾಯಿತು. ‘ಸತ್ಕಾರ ಬಿಟ್ರ ಜನ ಬರೂದಿಲ್ಲ’ ಅಂದರು ಅಧ್ಯಕ್ಷರು. ಅವರು ಇನ್‌ಫೆಂಟ್ರಿಯ ಸುಬೇದಾರ್ ಮೇಜರ್, ಕ್ಲರ್ಕುಗಳ ಮಾತನ್ನು ಸುಮ್ನೆ ಒಪ್ಪುವವರಲ್ಲ. ಇನ್ನೊಬ್ಬರು ಕ್ಯಾಂಟೀನಿನಲ್ಲಿ ಕೋಟಾ ಸರಿಯಾಗಿ ಸಿಗುತ್ತಿಲ್ಲ ಅಂತ ಎತ್ತಿದರು. ಅದರ ಮೇಲೆ 40 ನಿಮಿಷ ಹೋಯಿತು. ಕೋಟಾ ಅಂದರೆ ಯಾವ ಕೋಟಾ ಅಂತ ನಿಮಗೆ ಗೊತ್ತು, ಅಲ್ವಾ? ಕೊನೆಗೆ ರಾಜಿ: ಶಾಲು ವರ್ಷಕ್ಕೆ ಒಂದೇ ಕಾರ್ಯಕ್ರಮಕ್ಕೆ. ಮಿಕ್ಕ ದುಡ್ಡು ನನ್ನ ‘ಟ್ರಂಕು ಸ್ಕೀಮಿಗೆ’. ಹೆಸರು ತಮಾಷೆಗೆ ಇಟ್ಟಿದ್ದು, ಹಾಗೇ ಉಳಿಯಿತು.

ಒಂದು ಪುಟದ ಫಾರಂ ಮಾಡಿದೆವು. ಡಿಸ್ಚಾರ್ಜ್ ಬುಕ್, ಪಿಪಿಓ (ಪೆನ್ಶನ್ ಪಾವತಿ ಆದೇಶ), ಆಧಾರ್, ಪ್ಯಾನ್, ಪಾಸ್‌ಬುಕ್ ಐದನ್ನೂ ಸಾಲಾಗಿ ನೆಲದ ಮೇಲೆ ಇಡುವುದು. ಗಂಡನ ಹೆಸರು, ಹೆಂಡತಿಯ ಹೆಸರು, ಇಬ್ಬರ ಹುಟ್ಟಿದ ತಾರೀಖು ಐದರಲ್ಲೂ ಅಕ್ಷರ ಅಕ್ಷರ ಒಂದೇ ಇದೆಯಾ ನೋಡುವುದು. ಎಷ್ಟೋ ಹಳೆಯ ಪಿಪಿಓಗಳಲ್ಲಿ ಹೆಂಡತಿಯ ಹೆಸರೇ ಇರುವುದಿಲ್ಲ. ಆಮೇಲೆ ಫೋನ್ ನಂಬರು. ಈಗ ಪೆನ್ಶನ್ ಬ್ಯಾಂಕಿನ ಕೈಯಲ್ಲಿಲ್ಲ, ಬಹುತೇಕರದ್ದು ಪ್ರಯಾಗ್‌ರಾಜ್‌ನ ಪಿಸಿಡಿಎ (ರಕ್ಷಣಾ ಇಲಾಖೆಯ ಪೆನ್ಶನ್ ಲೆಕ್ಕಪತ್ರ ಕಚೇರಿ) ನಡೆಸುವ ಸ್ಪರ್ಶ್ ಎಂಬ ಆನ್‌ಲೈನ್ ವ್ಯವಸ್ಥೆಗೆ ಹೋಗಿದೆ. ಒಳಗೆ ಹೋಗಬೇಕಾದರೆ ಒಟಿಪಿ ಬೇಕು. ಒಬ್ಬರ ಒಟಿಪಿ ಪುಣೆಯಲ್ಲಿರುವ ಅಳಿಯನ ಫೋನಿಗೆ ಹೋಗುತ್ತಿತ್ತು. ಮಾವ ಅಳಿಯನಿಗೆ ಮಾತು ಬಿಟ್ಟು ಎರಡು ವರ್ಷ. ಸ್ಪರ್ಶ್ ಸರಿಯಾಗಲು ಮೊದಲು ಅವರಿಬ್ಬರ ರಾಜಿ ಮಾಡಿಸಬೇಕಾಯಿತು.

ಹುಟ್ಟಿದ ತಾರೀಖಿಗೆ ಯಾಕೆ ಇಷ್ಟು ಗಂಟು ಬೀಳುತ್ತೇನೆ ಅಂದರೆ, 80 ತುಂಬಿದ ಮೇಲೆ ಪೆನ್ಶನ್‌ಗೆ ಶೇ 20 ಜಾಸ್ತಿ ಸೇರುತ್ತದೆ. 85ಕ್ಕೆ ಶೇ 30, 90ಕ್ಕೆ ಶೇ 40, 95ಕ್ಕೆ ಶೇ 50, ನೂರಕ್ಕೆ ನೂರು. ಕುಟುಂಬ ಪೆನ್ಶನ್‌ಗೂ ಇದು ಇದೆ. ಆದರೆ ಹಳೆಯ ದಾಖಲೆಗಳಲ್ಲಿ ಹೆಂಡತಿಯ ಹುಟ್ಟಿದ ತಾರೀಖಿನ ಜಾಗ ಖಾಲಿ ಇರುತ್ತದೆ. ತಾರೀಖು ಇಲ್ಲದಿದ್ದರೆ 80 ತುಂಬಿದ್ದು ಕಂಪ್ಯೂಟರಿಗೆ ಹೇಗೆ ಗೊತ್ತಾಗಬೇಕು? ನಮಗೆ ಸಿಕ್ಕ ಒಬ್ಬ ಅಜ್ಜಿಗೆ ಹತ್ತಿರ ಹತ್ತಿರ 90. ಅವರಿಗೆ ಒಂದು ರೂಪಾಯಿಯೂ ಸೇರಿರಲಿಲ್ಲ.

ಹೋಗುವುದಕ್ಕೂ ಒಂದು ರೀತಿ ಇದೆ. ಮೊದಮೊದಲು ಬೆಳಿಗ್ಗೆ ಹೋಗುತ್ತಿದ್ದೆವು, ಯಾರೂ ಸಿಗುತ್ತಿರಲಿಲ್ಲ, ಎಲ್ಲ ಹೊಲದಲ್ಲಿ. ಈಗ ಸಂಜೆ, ಹಾಲು ಹಿಂಡಿದ ಮೇಲೆ. ಇಬ್ಬರು ಹೋಗುತ್ತೇವೆ. ಒಬ್ಬರು ಅದೇ ಊರಿನವರು, ಒಬ್ಬರು ಬೇರೆ ಊರಿನವರು. ಊರಿನವರಿಲ್ಲದಿದ್ದರೆ ಬಾಗಿಲು ತೆಗೆಯುವುದಿಲ್ಲ. ಇಬ್ಬರೂ ಊರಿನವರೇ ಆದರೆ ಪೆನ್ಶನ್ ಎಷ್ಟು ಅಂತ ಬಾಯಿ ಬಿಡುವುದಿಲ್ಲ. ಮತ್ತೆ, ‘ನೀವು ಹೋದ ಮೇಲೆ’ ಅನ್ನೋ ಮಾತು ಬಾಯಲ್ಲಿ ಬರಬಾರದು. ಒಮ್ಮೆ ಬಂತು. 78ರ ನಾಯಕ್ ಸಾಹೇಬರು ಕಂಬಕ್ಕೆ ಒರಗಿದ್ದವರು ನೆಟ್ಟಗಾದರು. ‘ನಾ ಇನ್ನೂ ಸತ್ತಿಲ್ಲೋ ತಮ್ಮಾ. ಚಾ ಕುಡುದು ಹೋಗು.’ ಚಹಾ ಕುಡಿದು ಬಂದೆವು, ಟ್ರಂಕು ತೆಗೆಯಲಿಲ್ಲ. ಈಗ ‘ರೆಕಾರ್ಡ್ ಚೆಕ್ ಮಾಡೋದೈತಿ ಸಾಬ್’ ಅನ್ನುತ್ತೇವೆ. ಚೆಕ್ಕಿಂಗ್ ಅಂದ ಕೂಡಲೇ ಎದ್ದು ಅಂಗಿ ಹಾಕಿಕೊಂಡು ಬರುತ್ತಾರೆ.

ಒರಿಜಿನಲ್ ಕಾಗದ ನಾವು ಮನೆಗೆ ಒಯ್ಯುವುದಿಲ್ಲ. ಅಲ್ಲೇ ಫೋಟೋ ತೆಗೆದು ಅಲ್ಲೇ ಟ್ರಂಕಿಗೆ. ಯಾರಿಂದಲೂ ದುಡ್ಡು ಮುಟ್ಟುವುದಿಲ್ಲ. ಪೆನ್ಶನ್ ಮಾಡಿಸಿಕೊಡುತ್ತೇವೆ ಅಂತ ಬಾಕಿ ಹಣದಲ್ಲಿ ಪಾಲು ಕೇಳುವವರು ಓಡಾಡುತ್ತಿರುತ್ತಾರೆ, ಅವರ ಜೊತೆ ನಮ್ಮ ಹೆಸರು ಸೇರಬಾರದು.

ನವೆಂಬರ್ ಬಂತೆಂದರೆ ಜೀವನ್ ಪ್ರಮಾಣ್ ಕ್ಯಾಂಪ್, ಅಂದರೆ ಪೆನ್ಶನ್‌ದಾರರು ಬದುಕಿದ್ದಾರೆ ಅನ್ನುವ ಪ್ರಮಾಣಪತ್ರ ಮಾಡಿಸುವುದು. ಗುಡಿಯ ಮುಂದಿನ ಕಟ್ಟೆಯ ಮೇಲೆ ಎರಡು ಟೇಬಲ್. ಬೆರಳಚ್ಚಿನ ಮಷೀನು ನಮ್ಮವರಿಗೆ ಆಗಿಬರುವುದಿಲ್ಲ. ಕಬ್ಬು ಕಡಿದ ಕೈಯಲ್ಲಿ ಗೆರೆಗಳೇ ಉಳಿದಿರುವುದಿಲ್ಲ. ಮುಖ ನೋಡಿ ಗುರುತಿಸುವ ಆ್ಯಪ್ ಬಂದ ಮೇಲೆ ಸುಲಭವಾಗಿದೆ. ಅದು ಕಣ್ಣು ಮಿಟುಕಿಸಿ ಅನ್ನುತ್ತದೆ. ಇಲ್ಲೇ ತೊಂದರೆ. ಕ್ಯಾಮೆರಾ ಮುಂದೆ ಹಿಡಿದರೆ ನಮ್ಮ ಹಳೆಯ ಹವಾಲ್ದಾರರು ಎದೆ ಉಬ್ಬಿಸಿ ಸಾವಧಾನ್ ನಿಲ್ಲುತ್ತಾರೆ. ಕಣ್ಣು ಮಿಟುಕಿಸುವುದೇ ಇಲ್ಲ! ‘ವಿಶ್ರಾಮ್, ಸಾಬ್, ವಿಶ್ರಾಮ್’ ಅಂದ ಮೇಲೆ ಒಮ್ಮೆ ರೆಪ್ಪೆ ಬಡಿಯುತ್ತಾರೆ, ಫೋನು ಟಿಣ್ ಅನ್ನುತ್ತದೆ.

ಇಲ್ಲಿ ಒಂದು ಮಾತು, ಬೇರೆ ಕಡೆ ಇದೇ ಕೆಲಸ ಮಾಡುವವರಿಗೆ. ಸ್ಪರ್ಶ್‌ಗೆ ಹೋದವರ ಪ್ರಮಾಣಪತ್ರ ಮಾಡುವಾಗ ಪೆನ್ಶನ್ ಕೊಡುವವರು ಯಾರು ಎಂಬ ಕಡೆ ಅಭ್ಯಾಸಬಲದಿಂದ ಬ್ಯಾಂಕಿನ ಹೆಸರು ಒತ್ತಬೇಡಿ. ಸ್ಪರ್ಶ್, ಪಿಸಿಡಿಎ ಪೆನ್ಶನ್ಸ್ ಎಂದೇ ಆರಿಸಬೇಕು. ಬ್ಯಾಂಕು ಒತ್ತಿದರೂ ಪ್ರಮಾಣಪತ್ರ ಆಗುತ್ತದೆ, ನಂಬರೂ ಬರುತ್ತದೆ, ಆದರೆ ಹೋಗಬೇಕಾದಲ್ಲಿಗೆ ಹೋಗುವುದಿಲ್ಲ. ಮೊದಲ ಕ್ಯಾಂಪಿನಲ್ಲಿ ನಾವು ಹೀಗೇ ಒಂಬತ್ತು ಜನರದ್ದು ಮಾಡಿ ಕಳಿಸಿ, ಒಂಬತ್ತು ಮನೆಗೆ ಮತ್ತೆ ಹೋಗಿ ಕ್ಷಮೆ ಕೇಳಿದೆವು.

ಅದು ಸಣ್ಣ ತಪ್ಪು. ದೊಡ್ಡದು ಇನ್ನೊಂದಿದೆ. ಅದು ನನ್ನೊಬ್ಬನದೇ.

ಪೆನ್ಶನ್‌ಗೆ ಜವಾನರಿಗೆ 15 ವರ್ಷದ ಸೇವೆ ಬೇಕು. ಅದಕ್ಕೆ ಮೊದಲೇ ಬಿಡುಗಡೆಯಾಗಿ ಬಂದವರು ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅಂಥ ಒಬ್ಬ ಅಜ್ಜ ನಮ್ಮ ಆಫೀಸಿಗೆ ಬಂದಿದ್ದರು. ಆಫೀಸ್ ಅಂದರೆ ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಖೋಲಿ. ಡಿಸ್ಚಾರ್ಜ್ ಬುಕ್ ಟವೆಲಿನಲ್ಲಿ ಕಟ್ಟಿಕೊಂಡು ಬಂದಿದ್ದರು. ನೋಡಿದೆ. ‘ಕಾಕಾ, ಸರ್ವಿಸ್ ಕಮ್ಮಿ ಐತ್ರಿ, ಏನೂ ಬರೂದಿಲ್ಲ’ ಅಂದೆ. ಎರಡೇ ನಿಮಿಷ. ಅವರು ಟವೆಲು ಮತ್ತೆ ಕಟ್ಟಿಕೊಂಡು ಹೋದರು.

ಬರುತ್ತಿತ್ತು. ಕೇಂದ್ರೀಯ ಸೈನಿಕ ಮಂಡಳಿಯ ಪೆನ್ಯುರಿ ಗ್ರಾಂಟ್ ಅಂತ ಇದೆ. ಪೆನ್ಶನ್ ಇಲ್ಲದ, 65 ದಾಟಿದ, ಹವಾಲ್ದಾರ್ ಮತ್ತು ಅದಕ್ಕಿಂತ ಕೆಳಗಿನ ರ‍್ಯಾಂಕಿನವರಿಗೆ, ಅವರ ವಿಧವೆಯರಿಗೆ. ಆಗ ತಿಂಗಳಿಗೆ 4,000 ಇತ್ತು. 2025ರ ನವೆಂಬರ್‌ನಿಂದ ಹಾಕುವ ಅರ್ಜಿಗಳಿಗೆ 8,000 ಆಗಿದೆ. ಯಾವ ವರ್ಷ, ಯಾವ ರೀತಿ ಬಿಡುಗಡೆಯಾದರು ಎಂಬುದರ ಮೇಲೆ ಮಾಜಿ ಸೈನಿಕ ಅನ್ನೋ ಅರ್ಹತೆ ನಿಂತಿದೆ, ಅದನ್ನು ನೋಡಬೇಕು. ಅರ್ಜಿ ಹೋಗುವುದು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ. ಇದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಹೇಳಿದ್ದರೆ ಅವರು ಬೇರೆ ಎಲ್ಲಾದರೂ ಕೇಳುತ್ತಿದ್ದರೇನೋ. ಇಲ್ಲ ಅಂದುಬಿಟ್ಟೆ. ಗ್ರಾಂಟಿನ ವಿಷಯ ನನಗೆ ತಿಳಿದದ್ದು ಎರಡು ವರ್ಷದ ಮೇಲೆ, ಜಿಲ್ಲಾ ಕಚೇರಿಯ ಒಂದು ಸಭೆಯಲ್ಲಿ. ಅವತ್ತೇ ಸಂಜೆ ಅವರ ಮನೆಗೆ ಹೋದೆ. ಅಂಗಳದಲ್ಲಿ ಅವರ ಫೋಟೋಕ್ಕೆ ಹಾರ ಹಾಕಿತ್ತು.

ಹೆಂಡತಿಯ ಹೆಸರಲ್ಲಿ ಅರ್ಜಿ ಹಾಕಿದೆವು, ಮಂಜೂರಾಯಿತು. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಅಂದಿನಿಂದ ನಮ್ಮ ಖೋಲಿಯಲ್ಲಿ ‘ಇಲ್ಲ’ ಅನ್ನುವ ಅಧಿಕಾರ ಯಾರಿಗೂ ಇಲ್ಲ. ‘ಬರೆದುಕೊಂಡಿದ್ದೇನೆ, ಕೇಳಿ ಹೇಳುತ್ತೇನೆ’ ಅನ್ನಬೇಕು. ಒಂದು ನೋಟ್‌ಬುಕ್ ಇದೆ. ಕೇಳಿದ ತಾರೀಖು ಎಡಕ್ಕೆ, ಉತ್ತರ ಕೊಟ್ಟ ತಾರೀಖು ಬಲಕ್ಕೆ. ಬಲಗಡೆ ಖಾಲಿ ಇದ್ದರೆ ಮೀಟಿಂಗಿನಲ್ಲಿ ಅಧ್ಯಕ್ಷರು ಪರೇಡ್ ಗ್ರೌಂಡಿನ ದನಿಯಲ್ಲಿ ಓದುತ್ತಾರೆ. ಈ ಒಂದು ವಿಷಯದಲ್ಲಿ ಇನ್‌ಫೆಂಟ್ರಿಯವರು ಕ್ಲರ್ಕಿಗಿಂತ ಕಟ್ಟುನಿಟ್ಟು.

ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡಿನ ಕಥೆ ದೊಡ್ಡದು, ಇಲ್ಲಿ ಬೇಡ. ಪಾಲಿಕ್ಲಿನಿಕ್ಕಿಗೆ ಬೆಳಗಾವಿಗೇ ಹೋಗಬೇಕು, ಮೊಣಕಾಲು ನೋವಿನವರಿಗೆ ಬಸ್ಸು ಹತ್ತುವುದೇ ಒಂದು ಕಾಯಿಲೆ. ಸದ್ಯ ಒಬ್ಬರ ಜೀಪು ತಿಂಗಳಿಗೆ ಎರಡು ಸಲ ಹೋಗುತ್ತದೆ, ಅಷ್ಟೇ.

ಮೊದಲ ಮನೆಯ ಅಜ್ಜಿಯನ್ನು, ಗಂಗವ್ವ ಅಂದೆನಲ್ಲ, ಈಗ ನಾವೇ ಕರೆದುಕೊಂಡು ಹೋಗುತ್ತೇವೆ. ಅದು ಅವರದೇ ಐಡಿಯಾ. ನಾವು ಪಡಸಾಲೆಯಲ್ಲಿ ಗಂಡಸರ ಜೊತೆ ಕೂತು 71ರ ಯುದ್ಧದ ಕಥೆ ಕೇಳುತ್ತಿರುವಾಗ ಅವರು ಸೀದಾ ಅಡುಗೆ ಮನೆಗೆ ಹೋಗುತ್ತಾರೆ. ಅರ್ಧ ಗಂಟೆಯಲ್ಲಿ ತವರುಮನೆ ಹೆಸರು, ಗಂಡನ ಮನೆ ಹೆಸರು, ಯಾವ ಬರಗಾಲದ ವರ್ಷ ಹುಟ್ಟಿದ್ದು ಎಲ್ಲ ತಿಳಿದುಕೊಂಡು ಬರುತ್ತಾರೆ. ಹೋದ ಭಾನುವಾರ ಒಬ್ಬ ಲ್ಯಾನ್ಸ್ ನಾಯಕರು, ‘ರೆಕಾರ್ಡಿನ್ಯಾಗ ಎಲ್ಲಾ ಬರೋಬ್ಬರಿ ಐತಿ, ನಾ ಬರಿಸೇನಿ’ ಅಂತ ಟ್ರಂಕು ತೆಗೆಯಲು ಒಪ್ಪಲೇ ಇಲ್ಲ. ಒಳಗಿನಿಂದ ಗಂಗವ್ವನ ದನಿ ಬಂತು.

‘ಏನಂತ ಬರಿಸ್ಯಾರ ಕೇಳ್ರಿ ಮೊದಲ. ಈಕಿಗೆ ಮೂರು ಹೆಸರು ಅದಾವು.’

ಲ್ಯಾನ್ಸ್ ನಾಯಕರು ಕೀಲಿಕೈ ಹುಡುಕಲು ಎದ್ದರು.