ನೋಟ್‌ಬುಕ್ಕಿಗೆ 60 ಅಂಕ: ಗೋಡೆ ಪತ್ರಿಕೆ ಬಹುಮಾನದ ನನ್ನ ಅನುಭವ

ಮಾನ್ವಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಗೋಡೆ ಪತ್ರಿಕೆ, ಅಂದರೆ ಮಕ್ಕಳೇ ಬರೆದು ಶಾಲೆ ಗೋಡೆಗೆ ಹಾಕುವ ಪತ್ರಿಕೆ, ನಡೆಸೋದು ಹೇಗೆ ಅಂತ ಇಲ್ಲಿ ಹೇಳಲ್ಲ. ಅದರ ಒಳ್ಳೆಯ ವರದಿಗೆ ಜುಲೈ 1ರ ಪತ್ರಿಕಾ ದಿನ ಬಹುಮಾನ ಕೊಡೋದು ನನ್ನ ಆಸೆ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಶುರುವಾದ ದಿನ ಅದು. "ಹುಡುಗರಿಗೆ ಒತ್ತಕ್ಷರನೇ ಬರಲ್ಲ, ವರದಿ ಬರೀತಾರಾ ಸರ್?" ಅಂದವರೇ ಈಗ ನಮ್ಮ ನಿಯಮಗಳ ಝೆರಾಕ್ಸ್ ಕೇಳುತ್ತಿದ್ದಾರೆ.

2022ರಲ್ಲಿ 'ನಮ್ಮೂರ ನೀರು' ಅಂತ ವಿಷಯ ಕೊಟ್ಟೆ. ನಲವತ್ತರ ಹತ್ತಿರ ಬಂದವು. ಎಲ್ಲದಕ್ಕೂ ಪೀಠಿಕೆ, ಎಲ್ಲದಕ್ಕೂ ಉಪಸಂಹಾರ. ಶಾಲೆ ಹಿಂದಿನ ಬೋರ್ ಕೆಟ್ಟು ತಿಂಗಳಾಗಿತ್ತು, ಒಬ್ಬರೂ ಅದನ್ನು ಬರೆದಿರಲಿಲ್ಲ. ರಾಯಚೂರಿನಿಂದ ತಂದ ಮೂರು ಕಪ್ಪಿಗೆ ಸುಮಾರು 1,400 ರೂಪಾಯಿ ಹೋಯಿತು.

ಮರುವರ್ಷ ನಗದು ಇಟ್ಟೆ, ಮೊದಲ ಬಹುಮಾನ ಸಾವಿರ. ಮೂರು ಸಾವಿರ ಕೊಡ್ತೀನಿ ಅಂದಿದ್ದ ದಾನಿ ಕೊನೆಗೆ ಫೋನೇ ಎತ್ತಲಿಲ್ಲ, ನನ್ನ ಜೇಬಿನಿಂದ ಕೊಟ್ಟೆ. ದುಡ್ಡು ಹೋಗಲಿ, ಕಾರ್ಯಕ್ರಮ ಮುಗಿದ ಮೇಲೆ ಒಬ್ಬ ಹುಡುಗ ಹತ್ತಿರ ಬಂದು, ಗೆದ್ದ ವರದಿಯ ಬಗ್ಗೆ ಮೆಲ್ಲಗೆ, "ಅದು ಅವರಣ್ಣ ಬರ್ದಿದ್ದು ರೀ ಸರ" ಅಂದ. ಹಾಗೆ ಅಂದ ಹುಡುಗ ಮೂರು ದಿನ ಓಡಾಡಿ ತನ್ನದನ್ನು ತಾನೇ ಬರೆದಿದ್ದ. ಆ ರಾತ್ರಿ ನಿದ್ದೆ ಬರಲಿಲ್ಲ.

2024ರ ಜುಲೈಯಲ್ಲಿ ಬಹುಮಾನವೇ ಕೊಡಲಿಲ್ಲ. ಅವತ್ತು 40 ಪುಟದ ಸಣ್ಣ ನೋಟ್‌ಬುಕ್ ಹಂಚಿದೆ. ಅರವತ್ತಕ್ಕೆ 600-650 ರೂಪಾಯಿ ಬಿತ್ತು. ಯಾರನ್ನು ಕೇಳಿದೆ, ಯಾವತ್ತು, ಎಲ್ಲಿ ನಿಂತು, ಎಲ್ಲ ಅದರಲ್ಲೇ ಬರೆಯಬೇಕು. ಮೂವರನ್ನಾದರೂ ಮಾತಾಡಿಸಬೇಕು, ಅದರಲ್ಲಿ ಒಬ್ಬರು ಉಳಿದಿಬ್ಬರ ಮಾತು ಒಪ್ಪದವರಾಗಿರಬೇಕು. ಒಂದು ಲೆಕ್ಕವನ್ನಾದರೂ ತಾನೇ ಅಳೆದಿರಬೇಕು ಇಲ್ಲವೇ ಎಣಿಸಿರಬೇಕು. ನೋಟ್‌ಬುಕ್ಕಿಗೆ 60 ಅಂಕ, ವರದಿಗೆ 40. ವರದಿಯನ್ನು ಶಾಲೆಯಲ್ಲೇ ಎರಡು ಪೀರಿಯಡ್‌ನಲ್ಲಿ ಬರೆಸಿದೆ. ಅಣ್ಣ ವರದಿ ಬರೆದುಕೊಡಬಹುದು, ವರ್ಷಪೂರ್ತಿ ಟಿಪ್ಪಣಿ ಬರೆದುಕೊಡಲ್ಲ, ಅಲ್ವಾ?

ಅದೇ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಚೈನ್ ಕಡಿದು ಕೊಚ್ಚಿ ಹೋಯಿತು. 33 ಗೇಟಿನಲ್ಲಿ ಒಂದು. ಪತ್ರಿಕೆ, ಟೀವಿ ಎಲ್ಲ ಹೊಸಪೇಟೆ ಕಡೆ ನೋಡುತ್ತಿದ್ದವು. ನಾವು ಎಡದಂಡೆ ಕಾಲುವೆಯ ಕೊನೆ ಭಾಗದವರು, ಮೇಲೆ ಏನಾದರೂ ಮೊದಲು ಒಣಗೋದು ನಮ್ಮ ಭತ್ತ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಒಂಬತ್ತು ದಿನ ಬೆಳಿಗ್ಗೆ ಉಪಕಾಲುವೆಗೆ ಹೋಗಿ ನೀರು ಅಳೆದಳು. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಒದ್ದೆಯಾದಷ್ಟನ್ನು ಕೈಯಿಂದ ಅಳೆಯೋದು. ಅವಳ ನೋಟ್‌ಬುಕ್ಕಿನ ಆ ಪುಟ ನೆಂದು ಉಬ್ಬಿದೆ. 'ಮೊಣಕಾಲು ತನಕ' ಅಂತ ಪೆನ್ಸಿಲಿನಲ್ಲಿ ಬರೆದು, ಅದನ್ನು ಹೊಡೆದು ಹಾಕಿ, ಪಕ್ಕದಲ್ಲಿ 'ಎರಡು ಗೇಣು ನಾಲ್ಕು ಬೆರಳು' ಅಂತ ತಿದ್ದಿದ್ದಾಳೆ. ಆ ತಿದ್ದುಪಡಿ ನೋಡಿದಾಗ ನನಗೆ ಕಣ್ಣು ತುಂಬಿತು. ಒತ್ತಕ್ಷರ ಆಮೇಲೆ ಕಲಿಸಬಹುದು.

ಬರೆದವರ ಹೆಸರು ಮುಚ್ಚಿ, ನಂಬರ್ ಹಾಕಿ ತೀರ್ಪಿಗೆ ಕೊಟ್ಟೆ. ಒಬ್ಬರು ವರದಿಗಾರರು, ಒಬ್ಬರು ಆಶಾ ಕಾರ್ಯಕರ್ತೆ, ಇನ್ನೊಬ್ಬರು ಬಸ್ ಸ್ಟ್ಯಾಂಡಿನ ಹೋಟೆಲ್ಲಿನವರು. ಹೋಟೆಲ್ಲಿನವರನ್ನು ಕರೆದಿದ್ದಕ್ಕೆ ಸ್ಟಾಫ್ ರೂಮಿನಲ್ಲಿ ನಕ್ಕರು. ಒಂದು ಚೆಂದದ ವರದಿ ಓದಿ ಅವರು, "ಆ ಬಸ್ ಆರೂವರೆಗೆ ಬರಲ್ಲ ಸರ್, ಏಳೂಕಾಲಿಗೆ ಬರ್ತದೆ" ಅಂದರು. ನಾವು ಮೂರು ಜನ ಮೇಷ್ಟ್ರು ಅದನ್ನು ಓದಿ ಪಾಸು ಮಾಡಿದ್ದೆವು.

ನಡುವೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಸಿಯೂ ನೋಡಿದೆ, ಆಗಲಿಲ್ಲ. ಮಾಡಿದ್ದನ್ನು ಯಾರೂ ತಿರುಗಿ ಕೇಳಲ್ಲ. 50 ಪೈಸೆ ಪೋಸ್ಟ್‌ಕಾರ್ಡಿನಲ್ಲಿ ಪತ್ರಿಕೆಗೆ ಓದುಗರ ಪತ್ರ ಬರೆಸಿದ್ದು ಗೆದ್ದಿತು. ಮೂವತ್ತು ಕಾರ್ಡು, ಹದಿನೈದು ರೂಪಾಯಿ, ಎರಡು ಪ್ರಕಟವಾದವು. ದೀಪಾವಳಿ ಮುಗಿಸಿ ಬೆಂಗಳೂರಿಗೆ ಗುಳೆ ಹೋದ ಹುಡುಗನೂ ಯುಗಾದಿಗೆ ನೋಟ್‌ಬುಕ್ ತುಂಬಿಸಿಕೊಂಡೇ ಬಂದ. ಶೆಡ್ಡಿನ ಬಾಡಿಗೆ, ನೀರಿನ ಕೊಡದ ರೇಟು, ಎಲ್ಲ ಇತ್ತು. ಎರಡನೇ ಬಹುಮಾನ ಅವನಿಗೆ, ಮೊದಲನೆಯದು ಕಾಲುವೆ ಅಳೆದವಳಿಗೆ.

2025ರಲ್ಲಿ ಕಪ್ಪೂ ಇಲ್ಲ, ನಗದೂ ಇಲ್ಲ. ಗೆದ್ದ ಇಬ್ಬರಿಗೂ ಒಂದೊಂದು ನಿಘಂಟು, ಜೊತೆಗೆ ಅವರ ವರದಿಗಳನ್ನು ನಾಲ್ಕು ಪುಟ ಅಚ್ಚು ಹಾಕಿಸಿ ಊರಲ್ಲಿ ಹಂಚಿದೆವು. ಎಲ್ಲ ಸೇರಿ ನಾಲ್ಕು ಸಾವಿರದೊಳಗೆ ಮುಗಿಯಿತು. ನಕಲು ಟಿಪ್ಪಣಿ ಹಿಡಿಯೋಕೆ ನಾನು ಮಕ್ಕಳಿಗೆ ಕೇಳುವ ಒಂದು ಪ್ರಶ್ನೆ ಇದೆ. ಅದನ್ನು ಇಲ್ಲಿ ಬರೆಯಲ್ಲ, ನಮ್ಮ ಹುಡುಗರೂ ಇದನ್ನು ಓದುತ್ತಾರೆ. ಮಾಡೋರು ನೋಟ್‌ಬುಕ್ ಮಾತ್ರ ಜೂನ್ ಮೊದಲ ವಾರವೇ ತಂದಿಡಿ. ತಡವಾದರೆ ಅಂಗಡಿಯಲ್ಲಿ 200 ಪುಟದ್ದೇ ಉಳಿದಿರುತ್ತೆ, ಅದು ಜೇಬಿಗೆ ಹಿಡಿಸಲ್ಲ.