ಅಗಸಿ ಎಣ್ಣೆ ಮನೆಗೆ ತಂದಿರಾ? ಒಲೆಯಿಂದ ದೂರ ಇಡಿ

ಅಗಸಿ ಎಣ್ಣೆಯಲ್ಲಿ ಒಗ್ಗರಣೆ ಹಾಕಬೇಡಿ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹುಬ್ಬಳ್ಳಿಯಲ್ಲಿ ನನಗೆ ಗೊತ್ತಿರುವ ಎಷ್ಟೋ ಮಂದಿ ಗಾಣದಿಂದ ಇದನ್ನು ತಂದು, ಶೇಂಗಾ ಎಣ್ಣೆಯ ಹಾಗೆ ಬಾಣಲೆಗೆ ಸುರಿಯುತ್ತಾರೆ.

ಇದರಲ್ಲಿ ಅರ್ಧಕ್ಕಿಂತ ಜಾಸ್ತಿ ಇರುವುದು ಆಲ್ಫಾ ಲಿನೊಲೆನಿಕ್ ಆಮ್ಲ, ಅಂದರೆ ಮೈಗೆ ಬೇಕಾದ ಒಮೆಗಾ-3 ಎಂಬ ಕೊಬ್ಬು. ನಾವು ದಿನಾ ಬಳಸುವ ಶೇಂಗಾ, ಕುಸುಬಿ, ಸೂರ್ಯಕಾಂತಿ ಎಣ್ಣೆಗಳಲ್ಲಿ ಒಮೆಗಾ-3 ಇಲ್ಲವೆನ್ನುವಷ್ಟು ಕಡಿಮೆ. ಮೀನು ತಿನ್ನದ ಮನೆಗೆ ಅಗಸಿ ದೊಡ್ಡ ಆಸರೆ. ಆದರೆ ಮೀನಿನಲ್ಲಿರುವ ಒಮೆಗಾ-3 ಬೇರೆ ಬಗೆಯದು, ಅಗಸಿಯದನ್ನು ನಮ್ಮ ಮೈ ಆ ಬಗೆಗೆ ಬದಲಿಸಿಕೊಳ್ಳುವುದು ಸ್ವಲ್ಪವೇ.

ಈ ಒಮೆಗಾ-3 ಬಲು ನಾಜೂಕು. ಬಿಸಿ, ಬೆಳಕು, ಗಾಳಿ ಮೂರೂ ಆಗುವುದಿಲ್ಲ. ಬೇಕಾದರೆ ಸ್ಟೀಲ್ ತಾಟಿಗೆ ಎರಡು ಹನಿ ತೆಳ್ಳಗೆ ಸವರಿ ಕೆಲವು ದಿನ ಬಿಟ್ಟು ಮುಟ್ಟಿ ನೋಡಿ. ಬೆರಳಿಗೆ ಅಂಟಂಟು ಹತ್ತುತ್ತದೆ, ಆಮೇಲೆ ಪೊರೆಯೇ ಕಟ್ಟುತ್ತದೆ. ಪೇಂಟಿಗೆ ಇದನ್ನು ಬಳಸುವುದು ಈ ಗುಣಕ್ಕೇ. ಪೇಂಟ್ ಅಂಗಡಿಯ ಅಗಸಿ ಎಣ್ಣೆಯನ್ನು ಮಾತ್ರ ಅಪ್ಪಿತಪ್ಪಿಯೂ ತಿನ್ನಬೇಡಿ, ಬೇಗ ಒಣಗಲಿ ಅಂತ ಅದಕ್ಕೆ ಬೇರೆ ಏನೇನೋ ಸೇರಿಸಿರುತ್ತಾರೆ.

ಎಣ್ಣೆ ತೆಗೆಸುವುದಾದರೆ ಬೀಜ ಹಸನು ಮಾಡಿ ಗಾಣಕ್ಕೆ ಒಯ್ಯಿರಿ. ಕಿಲೋ ಬೀಜದಲ್ಲಿ ಸುಮಾರು 400 ಗ್ರಾಂ ಎಣ್ಣೆ ಇರುತ್ತದೆ, ಅಷ್ಟೂ ಇಳಿಯುವುದಿಲ್ಲ, ಎಣ್ಣೆ ತೆಗೆದ ಮೇಲೆ ಗಾಣದಲ್ಲಿ ಉಳಿಯುವ ಹಿಂಡಿಯಲ್ಲೂ ಒಂದಿಷ್ಟು ಇರುತ್ತದೆ. ಒಮ್ಮೆಲೇ ಜಾಸ್ತಿ ತೆಗೆಸಬೇಡಿ. ಬಣ್ಣದ ಗಾಜಿನ ಸಣ್ಣ ಸಣ್ಣ ಬಾಟ್ಲಿಗಳಲ್ಲಿ ಕೊರಳಮಟ ತುಂಬಿ, ಬಿಗಿಯಾಗಿ ಮುಚ್ಚಿ ಫ್ರಿಜ್‌ನಲ್ಲಿಡಿ. ಪೇಂಟ್ ವಾಸನೆ ಬಂತೋ, ಕಹಿ ಆಯಿತೋ, ಸುಮ್ನೆ ಚೆಲ್ಲಿಬಿಡಿ.

ತಿನ್ನಲು ದಿನಕ್ಕೊಂದು ಟೀ ಚಮಚ ಸಾಕು. ಅದರಲ್ಲೇ 2 ಗ್ರಾಂಗಿಂತ ಜಾಸ್ತಿ ಒಮೆಗಾ-3 ಬರುತ್ತದೆ. ಗಂಡಸರಿಗೆ ಬೇಕಾಗುವುದು 1.6 ಗ್ರಾಂ, ಹೆಂಗಸರಿಗೆ 1.1. ರೊಟ್ಟಿ ಜೊತೆ ಹಿಂಡಿ, ಅಂದರೆ ಚಟ್ನಿಪುಡಿ, ಹಾಕಿಕೊಂಡಾಗ ತಾಟಿನಲ್ಲೇ ಮೇಲೆ ಬಿಟ್ಟುಕೊಳ್ಳಿ, ಇಲ್ಲಾ ಮೊಸರಿಗೆ ಕಲಸಿ. ರಕ್ತ ತೆಳುವಾಗುವ ಗುಳಿಗೆ ತೆಗೆದುಕೊಳ್ಳುವವರು, ಬಸುರಿಯರು ಮೊದಲು ಡಾಕ್ಟರನ್ನು ಕೇಳಬೇಕು.

ಎಣ್ಣೆ ಬಂತೆಂದು ಬೀಜ ಕುಟ್ಟಿ ಮಾಡುವ ಮನೆಯ ಅಗಸಿ ಹಿಂಡಿ ಮಾತ್ರ ಬಿಡಬೇಡಿ. 100 ಗ್ರಾಂ ಬೀಜದಲ್ಲಿ ಸುಮಾರು 27 ಗ್ರಾಂ ನಾರು, 18 ಗ್ರಾಂ ಪ್ರೋಟೀನ್ ಇದೆ, ಎಣ್ಣೆಯಲ್ಲಿ ಎರಡೂ ಇಲ್ಲ. ಇಡೀ ಬೀಜ ನುಂಗಿದರೆ ಹಾಗೇ ಹೊರಗೆ ಹೋಗುತ್ತದೆ, ಅದಕ್ಕೇ ಕುಟ್ಟಬೇಕು. ಅದೂ ಒಂದು ವಾರಕ್ಕೆ ಆಗುವಷ್ಟು ಮಾತ್ರ.